ಊರಿಗಿಂತ ಮೊದಲು ಸ್ಟೇಷನ್ ಬಂತು: ಕೊಲ್ಹಾಪುರ ರೈಲು ದಾರಿಯ ಕಥೆ, ಅದನ್ನು ಉಳಿಸಿಕೊಳ್ಳುವ ಬಗೆ

ನಾಂದಣಿ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಊರು. ಜೈನ ಮಠಕ್ಕೆ ಹೆಸರುವಾಸಿ. ಕರ್ನಾಟಕದ ಗಡಿಗೆ ಅಂಟಿಕೊಂಡ ಈ ಭಾಗದಲ್ಲಿ ಮನೆಯೊಳಗೆ ಕನ್ನಡ, ಬಜಾರಿನಲ್ಲಿ ಮರಾಠಿ ಮಾತಾಡುವ ಕುಟುಂಬಗಳು ಇವತ್ತಿಗೂ ಉಂಟು. ಇಲ್ಲಿನವರು ರೈಲು ಹತ್ತಬೇಕಾದರೆ ಕೆಲವೇ ಕಿಲೋಮೀಟರ್ ದೂರದ ಜಯಸಿಂಗಪುರ ಸ್ಟೇಷನ್‌ಗೆ ಬರಬೇಕು.

ಆದರೆ ನೂರು ವರ್ಷಕ್ಕೂ ಹಿಂದಿನ ರೈಲ್ವೆ ಟೈಮ್‌ಟೇಬಲ್ ತೆಗೆದು ‘ಜಯಸಿಂಗಪುರ’ ಅಂತ ಹುಡುಕಿದರೆ ಸಿಗುವುದಿಲ್ಲ. ಆಗ ಆ ಹೆಸರಿನ ಊರೇ ಇರಲಿಲ್ಲ. ಸ್ಟೇಷನ್ ಮಾತ್ರ ಇತ್ತು. ಅದರ ಬೋರ್ಡಿನ ಮೇಲೆ ಇದ್ದದ್ದು ‘ಶಿರೋಳ ರೋಡ್’. ಅಂದರೆ ಶಿರೋಳಕ್ಕೆ ಹೋಗುವವರು ಇಳಿಯುವ ಜಾಗ, ಅಷ್ಟೇ. ಊರು ಬಂದದ್ದು ಆಮೇಲೆ.

ಊರು ಇದ್ದಲ್ಲಿಗೆ ರೈಲು ಬರುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಕೊಲ್ಹಾಪುರ ದಾರಿಯಲ್ಲಿ ಎಷ್ಟೋ ಕಡೆ ಆದದ್ದು ಉಲ್ಟಾ. ರೈಲು ಬಂದಲ್ಲಿ ಪೇಟೆ ಹುಟ್ಟಿತು, ಪೇಟೆ ಹುಟ್ಟಿದಲ್ಲಿ ಊರು ಬೆಳೆಯಿತು. ಹಾಗಾಗಿ ಇಲ್ಲಿನ ಹಳೇ ಸ್ಟೇಷನ್‌ಗಳನ್ನು ಬರೀ ಹಳೇ ಕಟ್ಟಡ ಅಂತ ನೋಡುವ ಹಾಗಿಲ್ಲ. ಅವು ಇಡೀ ಪ್ರದೇಶದ ವ್ಯಾಪಾರದ ಮೊದಲ ಲೆಕ್ಕದ ಪುಸ್ತಕ ಇದ್ದ ಹಾಗೆ.

ಬರಗಾಲ ತಂದ ಹಳಿ

1876ರಿಂದ 1878ರವರೆಗೆ ದಕ್ಷಿಣ ಭಾರತ ಮತ್ತು ದಖ್ಖನ್ ಪ್ರಾಂತ್ಯ ಭೀಕರ ಬರಗಾಲ ಕಂಡಿತು. ಒಂದು ಕಡೆ ಧಾನ್ಯ ಇದ್ದರೂ ಇನ್ನೊಂದು ಕಡೆಗೆ ಸಾಗಿಸಲು ದಾರಿ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ದೂರದ ಊರಿಗೆ ಜೋಳ ಕಳಿಸಬೇಕೆಂದರೆ ಎತ್ತುಗಳಿಗೇ ಮೇವು, ನೀರು ಸಿಗದ ಸ್ಥಿತಿ. ಆ ದುರಂತದ ನಂತರ ಬರಪೀಡಿತ ಜಿಲ್ಲೆಗಳಿಗೆ ರೈಲು ಬೇಕೇ ಬೇಕು ಎಂಬ ತೀರ್ಮಾನಕ್ಕೆ ಸರಕಾರ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಹುಟ್ಟಿತು. ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಪುಣೆಯಿಂದ ಮೀರಜ್, ಬೆಳಗಾವಿ, ಲೋಂಡಾ ಕಡೆಗೆ ಮೀಟರ್ ಗೇಜ್ ಹಳಿ ಬಿತ್ತು.

ಈ ಮುಖ್ಯ ದಾರಿ ಕೊಲ್ಹಾಪುರವನ್ನು ಮುಟ್ಟಲಿಲ್ಲ. ಮೀರಜ್‌ನಿಂದಲೇ ಮುಂದೆ ಹೋಯಿತು. ಕೊಲ್ಹಾಪುರ ಆಗ ಬ್ರಿಟಿಷರ ನೇರ ಆಡಳಿತದ ಜಿಲ್ಲೆಯಲ್ಲ, ಅದೊಂದು ಸಂಸ್ಥಾನ. ತನ್ನ ಊರಿಗೆ ರೈಲು ಬೇಕಾದರೆ ತಾನೇ ಖರ್ಚು ಮಾಡಬೇಕು. ಸಂಸ್ಥಾನ ಅದನ್ನೇ ಮಾಡಿತು. 1888ರಲ್ಲಿ ಕೆಲಸಕ್ಕೆ ಚಾಲನೆ ಸಿಕ್ಕಿತು. ಮೊದಲ ಗುದ್ದಲಿ ಹಾಕಿದ್ದು ಆಗಿನ್ನೂ ಹುಡುಗನಾಗಿದ್ದ ಶಾಹೂ ಮಹಾರಾಜರು. 1891ರಲ್ಲಿ ಮೀರಜ್–ಕೊಲ್ಹಾಪುರ ನಡುವಿನ ಸುಮಾರು 47 ಕಿಲೋಮೀಟರ್ ದಾರಿಯಲ್ಲಿ ರೈಲು ಓಡಿತು. ಹೆಸರು ಕೊಲ್ಹಾಪುರ ಸ್ಟೇಟ್ ರೈಲ್ವೆ. ಹಳಿಯ ಒಡೆತನ ಸಂಸ್ಥಾನದ್ದು, ಗಾಡಿ ಓಡಿಸುವ ಜವಾಬ್ದಾರಿ ಸದರ್ನ್ ಮರಾಠಾ ರೈಲ್ವೆಯದ್ದು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅಂಗಡಿ ಕಟ್ಟಡ ಒಬ್ಬರದ್ದು, ವ್ಯಾಪಾರ ನಡೆಸುವವರು ಇನ್ನೊಬ್ಬರು.

ವ್ಯಾಪಾರದ ಮುಖ ತಿರುಗಿತು

ರೈಲಿಗೂ ಮೊದಲು ಕೊಲ್ಹಾಪುರದ ಸರಕು ಎಲ್ಲಿಗೆ ಹೋಗುತ್ತಿತ್ತು? ಹೆಚ್ಚಿನದ್ದು ಪಡುವಣಕ್ಕೆ. ಸಹ್ಯಾದ್ರಿಯ ಘಾಟಿಗಳನ್ನು ಇಳಿದು ರಾಜಾಪುರ, ರತ್ನಾಗಿರಿಯಂಥ ಕೊಂಕಣದ ಬಂದರುಗಳಿಗೆ. ಬೆನ್ನ ಮೇಲೆ ಹೇರು ಹೊತ್ತ ಎತ್ತುಗಳು, ಆಮೇಲೆ ಗಾಡಿಗಳು. ಇಳಿಯುವಾಗ ಬೆಲ್ಲ, ಧಾನ್ಯ. ಹತ್ತುವಾಗ ಉಪ್ಪು, ತೆಂಗು, ಒಣಮೀನು. ಕರಾವಳಿಯ ಜನರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಸರಕು ಕೆಳಗೆ, ಕಡಲಿನ ಸರಕು ಮೇಲೆ ಅಂತ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದವರು ಬ್ಯಾರಿಗಳು. ‘ಬ್ಯಾರಿ’ ಎಂಬ ಹೆಸರೇ ವ್ಯಾಪಾರ ಎಂಬ ಮಾತಿನಿಂದ ಬಂದದ್ದು ಎನ್ನುವವರೂ ಇದ್ದಾರೆ.

1891ರ ನಂತರ ಕೊಲ್ಹಾಪುರದ ಸರಕು ದಿಕ್ಕು ಬದಲಿಸಿತು. ಘಾಟಿ ಇಳಿಯುವ ಬದಲು ಮೂಡಣಕ್ಕೆ ಮೀರಜ್‌ಗೆ, ಅಲ್ಲಿಂದ ಪುಣೆ, ಮುಂಬೈಗೆ. ಗಾಡಿ ಬಾಡಿಗೆ, ದಾರಿಯ ದಿನಗಳು, ಮಳೆಗಾಲದಲ್ಲಿ ಸರಕು ಒದ್ದೆಯಾಗುವ ನಷ್ಟ ಎಲ್ಲವೂ ಕಡಿಮೆಯಾದವು. ಮಳೆಗಾಲದಲ್ಲಿ ಬಂದರು ಮುಚ್ಚಿದರೂ ರೈಲು ನಿಲ್ಲುವುದಿಲ್ಲ. ಆದರೆ ಒಬ್ಬರ ಲಾಭ ಇನ್ನೊಬ್ಬರ ನಷ್ಟವೂ ಹೌದು. ಕೊಂಕಣದ ಸಣ್ಣ ಬಂದರುಗಳಿಗೆ ಬರುತ್ತಿದ್ದ ಸರಕಿನ ಪಾಲು ಇಳಿಯಿತು. 47 ಕಿಲೋಮೀಟರ್ ಹಳಿ ಇಡೀ ಪ್ರದೇಶದ ವ್ಯಾಪಾರದ ಮುಖವನ್ನೇ ತಿರುಗಿಸಿತು ಎಂಬುದು ಈ ದಾರಿಯ ಮೊದಲ ಪಾಠ.

ಸ್ಟೇಷನ್ ನೋಡಿ ಹುಟ್ಟಿದ ಪೇಟೆಗಳು

ಶಾಹೂ ಮಹಾರಾಜರು 1894ರಲ್ಲಿ ಆಡಳಿತ ವಹಿಸಿಕೊಂಡರು. ಮರುವರ್ಷವೇ, 1895ರಲ್ಲಿ, ಕೊಲ್ಹಾಪುರ ಸ್ಟೇಷನ್ ಹತ್ತಿರ ಶಾಹೂಪುರಿ ಎಂಬ ವ್ಯಾಪಾರ ಪೇಟೆ ಶುರುವಾಯಿತು. ಮುಖ್ಯ ಸರಕು ಬೆಲ್ಲ. ರೈತ ಗಾಣದಿಂದ ಬೆಲ್ಲದ ಅಚ್ಚು ತಂದು ಪೇಟೆಯಲ್ಲಿ ಇಳಿಸಿದರೆ, ಹರಾಜು ಮುಗಿದ ಕೂಡಲೇ ರೈಲಿಗೆ ಹೇರಬಹುದು. ನಡುವಿನ ಸಾಗಾಟದ ಖರ್ಚು ಉಳಿಯಿತು. ಕೊಲ್ಹಾಪುರಿ ಬೆಲ್ಲಕ್ಕೆ ದೇಶದಲ್ಲೆಲ್ಲ ಹೆಸರು ಬರಲು ಅದರ ರುಚಿಯ ಜೊತೆ ಈ ಹಳಿಯೂ ಕಾರಣ. 2014ರಲ್ಲಿ ಆ ಬೆಲ್ಲಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇದೇ ದಾರಿಯಲ್ಲಿ ಕೊಲ್ಹಾಪುರಕ್ಕಿಂತ ಒಂದು ಸ್ಟೇಷನ್ ಮೊದಲು ‘ಗುರ್ ಮಾರ್ಕೆಟ್’ ಎಂಬ ಹೆಸರಿನ ನಿಲ್ದಾಣವೇ ಇದೆ. ಗುರ್ ಅಂದರೆ ಬೆಲ್ಲ. ಸರಕಿನ ಹೆಸರನ್ನೇ ಬೋರ್ಡಿನ ಮೇಲೆ ಹೊತ್ತ ಸ್ಟೇಷನ್ ಅದು.

1917ರಲ್ಲಿ ಶಿರೋಳ ರೋಡ್ ಸ್ಟೇಷನ್ ಬಳಿ ಶಾಹೂ ಮಹಾರಾಜರು ಹೊಸ ಊರನ್ನೇ ಕಟ್ಟಿಸಿದರು. ತಮ್ಮ ಜನ್ಮದಾತ ತಂದೆ ಜಯಸಿಂಗರಾವ್ ಘಾಟಗೆ ಅವರ ನೆನಪಿಗೆ ಜಯಸಿಂಗಪುರ ಎಂದು ಹೆಸರಿಟ್ಟರು. ನಕ್ಷೆ ಹಾಕಿ ಕಟ್ಟಿದ ಊರು. ನೇರ ರಸ್ತೆಗಳು, ಒಂದನ್ನೊಂದು ಕತ್ತರಿಸುವ ಗಲ್ಲಿಗಳು. ಇವತ್ತಿಗೂ ಅಲ್ಲಿ ವಿಳಾಸ ಕೇಳಿದರೆ ಗಲ್ಲಿಯ ನಂಬರ್ ಹೇಳುತ್ತಾರೆ. ನಾಂದಣಿಯಂಥ ಸುತ್ತಲಿನ ಹಳ್ಳಿಗಳಿಗೆ ಅದು ಸಂತೆಯೂ ಹೌದು, ಸ್ಟೇಷನ್ನೂ ಹೌದು.

ಇನ್ನು ಇಚಲಕರಂಜಿ. 1904ರಲ್ಲಿ ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂತು. ಮುಂದೆ ಅದು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎಂದು ಹೆಸರಾಯಿತು. ಆದರೆ ಊರೊಳಗೆ ರೈಲು ಇಲ್ಲ. ಅದರ ಹತ್ತಿರದ ಸ್ಟೇಷನ್ ಇದೇ ದಾರಿಯ ಹಾತಕಣಂಗಲೆ.

ಈ ಊರುಗಳ ಬೆಳವಣಿಗೆಯ ಜೊತೆಗೇ ಇನ್ನೊಂದು ಕೆಲಸವೂ ನಡೆಯಿತು. 1902ರಲ್ಲಿ ಶಾಹೂ ಮಹಾರಾಜರು ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಶೇಕಡಾ 50 ಮೀಸಲಾತಿ ತಂದರು. ಹಳ್ಳಿಯ ಮಕ್ಕಳು ಕೊಲ್ಹಾಪುರಕ್ಕೆ ಬಂದು ಓದಲು ಮರಾಠ, ಜೈನ ಮುಂತಾದ ಸಮುದಾಯಗಳ ಹಾಸ್ಟೆಲ್‌ಗಳಿಗೆ ನೆರವಾದರು. 1906ರಲ್ಲಿ ಮುಸ್ಲಿಂ ಬೋರ್ಡಿಂಗ್ ಶುರುವಾಯಿತು. ಸರಕಿಗೆ ಪೇಟೆ, ಮಕ್ಕಳಿಗೆ ಹಾಸ್ಟೆಲ್. ರೈಲು ಬಂದ ಊರನ್ನು ಒಬ್ಬ ಆಡಳಿತಗಾರ ಹೇಗೆ ಬಳಸಿಕೊಂಡರು ಎಂಬುದಕ್ಕೆ ಇವೆರಡೂ ಸಾಕ್ಷಿ. ಇವತ್ತು ಕೊಲ್ಹಾಪುರ ಸ್ಟೇಷನ್‌ಗೆ ಛತ್ರಪತಿ ಶಾಹೂ ಮಹಾರಾಜ ಟರ್ಮಿನಸ್ ಎಂದು ಹೆಸರಿಟ್ಟದ್ದು ಬರೀ ಗೌರವಕ್ಕಲ್ಲ, ಆ ದಾರಿಯ ಚರಿತ್ರೆಯೇ ಅದು.

ವಳಿವಡೆಯಲ್ಲಿ ಇಳಿದ ನಿರಾಶ್ರಿತರು

ಗುರ್ ಮಾರ್ಕೆಟ್‌ನ ಪಕ್ಕದ ಸ್ಟೇಷನ್ ವಳಿವಡೆ. ಹೆಚ್ಚಿನವರು ಕಿಟಕಿಯಿಂದ ನೋಡಿ ಮುಂದೆ ಹೋಗುವ ಸಣ್ಣ ನಿಲ್ದಾಣ. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಪೋಲೆಂಡ್ ದೇಶದ ಸುಮಾರು 5,000 ನಿರಾಶ್ರಿತರಿಗೆ ಮನೆಯಾದದ್ದು ಈ ವಳಿವಡೆ. ಸೋವಿಯತ್ ಒಕ್ಕೂಟ ತಮ್ಮ ಊರುಗಳಿಂದ ಎತ್ತಿ ಸೈಬೀರಿಯದ ಕಡೆಗೆ ಸಾಗಿಸಿದ್ದ ಜನ ಅವರು. ಹೆಚ್ಚಿನವರು ಹೆಂಗಸರು, ಮಕ್ಕಳು. ಇರಾನ್ ದಾಟಿ ಭಾರತಕ್ಕೆ ಬಂದು 1943ರಿಂದ ಇಲ್ಲಿ ನೆಲೆಸಿದರು. ಶಿಬಿರದಲ್ಲಿ ಶಾಲೆ, ಚರ್ಚು, ಆಸ್ಪತ್ರೆ ಎಲ್ಲವೂ ಇದ್ದವು. ಯುದ್ಧ ಮುಗಿದ ನಂತರ 1948ರ ಹೊತ್ತಿಗೆ ಶಿಬಿರ ಖಾಲಿಯಾಯಿತು.

ಖಾಲಿಯಾದ ಜಾಗಕ್ಕೆ ಇನ್ನೊಂದು ಗುಂಪಿನ ನಿರಾಶ್ರಿತರು ಬಂದರು. ದೇಶ ವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದ ಸಿಂಧಿ ಕುಟುಂಬಗಳು. ಕೈಯಲ್ಲಿ ಬಂಡವಾಳ ಇಲ್ಲದೆ ಶುರು ಮಾಡಿದವರು ಅಲ್ಲಿ ಗಾಂಧಿನಗರ ಎಂಬ ಪೇಟೆ ಕಟ್ಟಿದರು. ಇವತ್ತು ಅದು ಬಟ್ಟೆಯ ದೊಡ್ಡ ಹೋಲ್‌ಸೇಲ್ ಮಾರ್ಕೆಟ್. ಉತ್ತರ ಕರ್ನಾಟಕದ ಅಂಗಡಿಯವರೂ ಅಲ್ಲಿಗೆ ಸರಕಿಗೆ ಹೋಗುತ್ತಾರೆ.

ಪೋಲೆಂಡಿನಲ್ಲಿ ಮತ್ತು ಬೇರೆ ದೇಶಗಳಲ್ಲಿ ವಳಿವಡೆಯನ್ನು ನೆನಪಿಟ್ಟವರು ಇನ್ನೂ ಇದ್ದಾರೆ. ಅಲ್ಲಿ ಬಾಲ್ಯ ಕಳೆದವರು ಮುದುಕರಾದ ಮೇಲೂ ಕೊಲ್ಹಾಪುರಕ್ಕೆ ಬಂದು ಹೋಗಿದ್ದಾರೆ. ನಗರದ ಮಹಾವೀರ ಉದ್ಯಾನದಲ್ಲಿ ಅವರ ನೆನಪಿನ ಸ್ಮಾರಕವೂ ಇದೆ. ಸಾವಿರಾರು ಮೈಲಿ ದೂರದವರಿಗೆ ನೆನಪಿರುವ ಸ್ಟೇಷನ್ನು ಪಕ್ಕದ ಊರಿನ ಕಾಲೇಜು ಹುಡುಗನಿಗೆ ಬರೀ ‘ಗಾಡಿ ನಿಲ್ಲುವ ಜಾಗ’ ಆಗಿದ್ದರೆ, ತಪ್ಪು ಆ ಹುಡುಗನದ್ದಲ್ಲ. ಅವನಿಗೆ ಯಾರೂ ಹೇಳಲಿಲ್ಲ.

ಗೇಜ್ ಬದಲಾಯಿತು, ಕಡತ ಚದುರಿತು

ಹಳೇ ಸ್ಟೇಷನ್‌ಗಳ ಚರಿತ್ರೆ ಯಾಕೆ ಕಳೆದುಹೋಗುತ್ತದೆ? ಈ ದಾರಿಯ ಮಾಲೀಕತ್ವದ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಮೊದಲು ಕೊಲ್ಹಾಪುರ ಸಂಸ್ಥಾನ ಮತ್ತು ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಆ ಕಂಪೆನಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಮುಖ್ಯ ಕಚೇರಿ ಧಾರವಾಡದಿಂದ ಮದ್ರಾಸಿಗೆ ಹೋಯಿತು. 1949ರಲ್ಲಿ ಸಂಸ್ಥಾನವೇ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿತು. ಈಗ ಈ ದಾರಿ ಮಧ್ಯ ರೈಲ್ವೆಯ ಪುಣೆ ವಿಭಾಗದಲ್ಲಿದೆ. ಅಂಗಡಿ ಕೈ ಬದಲಾದಾಗಲೆಲ್ಲ ಹಳೇ ಪುಸ್ತಕ ಎಲ್ಲಿ ಹೋಯಿತು ಅಂತ ಕೇಳುವವರು ಕಡಿಮೆ. ರೈಲ್ವೆಯಲ್ಲೂ ಹಾಗೆಯೇ.

1970ರ ಆಸುಪಾಸಿನಲ್ಲಿ ಪುಣೆ–ಮೀರಜ್–ಕೊಲ್ಹಾಪುರ ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆಯಿತು. ಮೀರಜ್‌ನಿಂದ ಬೆಂಗಳೂರು ಕಡೆಯ ಹಳಿ ಮಾತ್ರ 1990ರ ದಶಕದವರೆಗೂ ಮೀಟರ್ ಗೇಜ್ ಆಗಿಯೇ ಉಳಿಯಿತು. ಕರ್ನಾಟಕದಿಂದ ಹೋದವರು ಮೀರಜ್‌ನಲ್ಲಿ ಇಳಿದು, ಗಂಟು ಹೊತ್ತು, ಬೇರೆ ಗಾಡಿ ಹತ್ತಬೇಕಿತ್ತು. ಇನ್ನೊಂದು ಬದಿಯಲ್ಲಿ ಕುರ್ಡುವಾಡಿ ಕಡೆಯ ಬಾರ್ಸಿ ಲೈಟ್ ರೈಲ್ವೆಯ ನ್ಯಾರೋ ಗೇಜ್. ಮೂರು ಅಳತೆಯ ಹಳಿ ಒಂದೇ ಜಂಕ್ಷನ್ನಿನಲ್ಲಿ ಇದ್ದ ಅಪರೂಪದ ಊರು ಮೀರಜ್. ಈಗ ಎಲ್ಲವೂ ಒಂದೇ ಅಳತೆ. ಪ್ರಯಾಣಿಕರಿಗೆ ಅನುಕೂಲವೇ ಆಯಿತು. ಹಳಿಯ ಜೊತೆಗೆ ಹಳೇ ಪ್ಲಾಟ್‌ಫಾರಂ, ಸಿಗ್ನಲ್ ಕ್ಯಾಬಿನ್, ಬೋರ್ಡುಗಳೂ ಹೋದವು.

ಈಗ ಈ ಮಾತು ಯಾಕೆ

ಕಾರಣ ಸರಳ. 2023ರ ಆಗಸ್ಟ್ 6ರಂದು ದೇಶದ 508 ಸ್ಟೇಷನ್‌ಗಳ ಮರುನಿರ್ಮಾಣಕ್ಕೆ ಅಮೃತ ಭಾರತ ಯೋಜನೆಯಡಿ ಶಂಕುಸ್ಥಾಪನೆ ಆಯಿತು. ಆ ಪಟ್ಟಿಯಲ್ಲಿ ಕೊಲ್ಹಾಪುರವೂ ಇದೆ, ಮಂಗಳೂರು ಜಂಕ್ಷನ್ನೂ ಇದೆ. ಲಿಫ್ಟ್, ಎಸ್ಕಲೇಟರ್, ಒಳ್ಳೆಯ ವೆಯ್ಟಿಂಗ್ ರೂಂ, ಶೌಚಾಲಯ, ಪಾರ್ಕಿಂಗ್ ಎಲ್ಲವೂ ಬೇಕು. ವಯಸ್ಸಾದ ತಾಯಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿದವರಿಗೆ ಲಿಫ್ಟ್‌ನ ಬೆಲೆ ಗೊತ್ತು. ಹಳೆಯದು ಉಳಿಯಲಿ ಅಂತ ಹೇಳಿ ಸೌಲಭ್ಯ ಬೇಡ ಅನ್ನುವುದು ನ್ಯಾಯವಲ್ಲ.

ಪ್ರಶ್ನೆ ಬೇರೆ. ಹೊಸತು ಕಟ್ಟುವಾಗ ಹಳೆಯದರಲ್ಲಿ ಯಾವುದನ್ನು ಉಳಿಸಬೇಕು ಅಂತ ಯಾರು, ಯಾವಾಗ ಹೇಳುತ್ತಾರೆ? ಕೆಲಸ ಮುಗಿದ ಮೇಲೆ ಹೇಳಿ ಪ್ರಯೋಜನ ಇಲ್ಲ. ಕಲ್ಲಿನ ಗೋಡೆಗೆ ಒಮ್ಮೆ ಅಲ್ಯೂಮಿನಿಯಂ ಶೀಟ್ ಹೊದೆಸಿದರೆ, ಒಳಗೆ ಏನಿತ್ತು ಎಂಬುದು ಹತ್ತು ವರ್ಷದಲ್ಲಿ ಮರೆತುಹೋಗುತ್ತದೆ.

ನೂರು ವರ್ಷ ಆದರೆ ತಾನಾಗಿ ರಕ್ಷಣೆ ಸಿಗುತ್ತದೆಯೇ?

ಇಲ್ಲ. ಇದು ಬಹಳ ಜನರಲ್ಲಿ ಇರುವ ತಪ್ಪು ಕಲ್ಪನೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಟ್ಟಡವನ್ನು ಸ್ಮಾರಕ ಎಂದು ಪರಿಗಣಿಸಬಹುದು. ಆದರೆ ಅದು ರಾಷ್ಟ್ರೀಯ ಮಹತ್ವದ್ದು ಎಂದು ಸರಕಾರ ಅಧಿಸೂಚನೆ ಹೊರಡಿಸಬೇಕು. ಹಾಗೆ ಘೋಷಿಸಿದರೆ ಸುತ್ತಲಿನ 100 ಮೀಟರ್‌ನಲ್ಲಿ ಹೊಸ ನಿರ್ಮಾಣಕ್ಕೆ ನಿಷೇಧ ಬರುತ್ತದೆ. ದಿನಾ ಗಾಡಿ ಓಡುವ ಸ್ಟೇಷನ್‌ಗೆ ಈ ನಿಯಮ ಹೊಂದುವುದು ಕಷ್ಟ. ಹಾಗಾಗಿ ಹೆಚ್ಚಿನ ಸ್ಟೇಷನ್‌ಗಳಿಗೆ ಉಳಿಯುವ ದಾರಿ ಎರಡು. ಒಂದು, ನಗರದ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರುವುದು. ಇನ್ನೊಂದು, ರೈಲ್ವೆ ಇಲಾಖೆ ತಾನೇ ಮನಸ್ಸು ಮಾಡುವುದು.

ಎರಡೂ ಸಾಧ್ಯ ಎಂಬುದಕ್ಕೆ ದೊಡ್ಡ ಉದಾಹರಣೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕಟ್ಟಡದಲ್ಲಿ ದಿನಾ ಲಕ್ಷಾಂತರ ಜನ ಓಡಾಡುತ್ತಾರೆ. ಪರಂಪರೆ ಅಂದ ಕೂಡಲೇ ಬೀಗ ಹಾಕಬೇಕಾಗಿಲ್ಲ.

ಸಣ್ಣ ಉದಾಹರಣೆ ಕರ್ನಾಟಕದಲ್ಲೇ ಉಂಟು. ಯಲಹಂಕ–ಚಿಕ್ಕಬಳ್ಳಾಪುರ ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಎಂಬ ನಾಲ್ಕು ಹಳೇ ಸ್ಟೇಷನ್‌ಗಳಿವೆ. 1915ರಲ್ಲಿ ಶುರುವಾದ ನ್ಯಾರೋ ಗೇಜ್ ದಾರಿಯವು. ಹಳಿ ಬದಲಾದ ಮೇಲೆ ಮಾಡು ಕುಸಿದು, ಗಿಡ ಬೆಳೆದು ಪಾಳು ಬಿದ್ದಿದ್ದವು. ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ನೈಋತ್ಯ ರೈಲ್ವೆಯ ಜೊತೆ ಸೇರಿ ಈಚಿನ ವರ್ಷಗಳಲ್ಲಿ ಅವುಗಳನ್ನು ಮೂಲ ರೂಪಕ್ಕೆ ತಂದಿತು. ಅರಮನೆಯಂಥ ಕಟ್ಟಡವೇ ಆಗಬೇಕೆಂದಿಲ್ಲ, ಹೆಂಚಿನ ಮಾಡಿನ ಪುಟ್ಟ ಸ್ಟೇಷನ್ನೂ ಉಳಿಯಬಹುದು ಎಂದು ಅದು ತೋರಿಸಿತು.

ಮೂರನೆಯ ಉದಾಹರಣೆ ಧಾರವಾಡ. ಸದರ್ನ್ ಮರಾಠಾ ರೈಲ್ವೆಯ ಹಳೇ ಮುಖ್ಯ ಕಚೇರಿಯ ಕಟ್ಟಡ ಇವತ್ತು ಕರ್ನಾಟಕ ಕಾಲೇಜು. ರೈಲ್ವೆ ಹೋದರೂ ಕಟ್ಟಡ ಬೀಳಲಿಲ್ಲ. ಯಾಕೆಂದರೆ ಅದಕ್ಕೆ ಕೆಲಸ ಸಿಕ್ಕಿತು. ಖಾಲಿ ಬಿಟ್ಟ ಅಂಗಡಿಗೆ ಗೆದ್ದಲು ಬೇಗ ಬರುತ್ತದೆ. ಬಾಗಿಲು ತೆಗೆಯುವ ಅಂಗಡಿ ಬಾಳುತ್ತದೆ. ಕಟ್ಟಡಕ್ಕೂ ಇದೇ ಲೆಕ್ಕ.

ಸುಣ್ಣವೋ ಸಿಮೆಂಟೋ

ರಿಪೇರಿ ಮಾಡುವಾಗ ಆಗುವ ದೊಡ್ಡ ತಪ್ಪು ಒಂದಿದೆ. ಆ ಕಾಲದ ಕಟ್ಟಡಗಳನ್ನು ಹೆಚ್ಚಾಗಿ ಸುಣ್ಣದ ಗಾರೆಯಲ್ಲಿ ಕಟ್ಟುತ್ತಿದ್ದರು. ಸುಣ್ಣದ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ನೋಡಲು ಗಟ್ಟಿ, ಒಳಗಿಂದ ಕಲ್ಲು, ಇಟ್ಟಿಗೆ ಪುಡಿಯಾಗುತ್ತಾ ಹೋಗುತ್ತದೆ. ಸುಣ್ಣದ ಕೆಲಸಕ್ಕೆ ಸಮಯ ಜಾಸ್ತಿ, ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆ. ಆದರೂ ಟೆಂಡರಿನಲ್ಲಿ ಆ ಒಂದು ಸಾಲು ಬರೆದರೆ ಕಟ್ಟಡ ಇನ್ನೂ ನೂರು ವರ್ಷ ನಿಲ್ಲಬಹುದು.

ಹೆಂಚಿನ ವಿಷಯದಲ್ಲಿ ಕರಾವಳಿಗೆ ನೇರ ಸಂಬಂಧವೇ ಇದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ‘ಮಂಗಳೂರು ಹೆಂಚು’ ದೇಶದ ಎಷ್ಟೋ ಸ್ಟೇಷನ್, ಗೋದಾಮು, ಕ್ವಾರ್ಟರ್ಸ್‌ಗಳ ಮಾಡು ಏರಿತು. ಮುಂದಿನ ಸಲ ಯಾವುದಾದರೂ ಹಳೇ ಸ್ಟೇಷನ್‌ನಲ್ಲಿ ಗಾಡಿಗೆ ಕಾಯುವಾಗ ತಲೆ ಎತ್ತಿ ನೋಡಿ. ಕೆಳಗೆ ಬಿದ್ದ ಒಡೆದ ಹೆಂಚಿನ ಮೇಲೆ ಮಂಗಳೂರಿನ ಹೆಸರು ಸಿಕ್ಕಿದರೂ ಆಶ್ಚರ್ಯ ಇಲ್ಲ.

ಯುವಕರು ಏನು ಮಾಡಬಹುದು

ಕಟ್ಟಡ ಉಳಿಸುವುದು ರೈಲ್ವೆಯ ಕೈಯಲ್ಲಿ. ಆದರೆ ನೆನಪು ಉಳಿಸಲು ಯಾರ ಅನುಮತಿಯೂ ಬೇಡ.

ಮೊದಲನೆಯದು, ಫೋಟೋ. ಊರಿನ ಸ್ಟೇಷನ್ನಿನ ಬೋರ್ಡು, ಟಿಕೆಟ್ ಕಿಟಕಿ, ಬೆಂಚು, ಗೋದಾಮು, ಕಟ್ಟಡದ ಮೇಲೆ ಕೆತ್ತಿದ ಇಸವಿ ಇವುಗಳ ಫೋಟೋ ತೆಗೆದು ದಿನಾಂಕ ಸಮೇತ ಇಡಬೇಕು. ಕೆಲಸ ನಡೆಯುವ ಜಾಗದಲ್ಲಿ ಮೊದಲು ಕೇಳಿ ತೆಗೆಯುವುದು ಒಳ್ಳೆಯದು.

ಎರಡನೆಯದು, ಮಾತು. ಪೋರ್ಟರ್ ಆಗಿದ್ದವರು, ಸ್ಟೇಷನ್ ಎದುರು ಚಾ ಅಂಗಡಿ ಇಟ್ಟವರು, ಪಾರ್ಸೆಲ್ ಬಿಡಿಸಿಕೊಳ್ಳಲು ರಸೀದಿ ಹಿಡಿದು ಕಾಯುತ್ತಿದ್ದ ಹಳೇ ವ್ಯಾಪಾರಿಗಳು ಪ್ರತಿ ಊರಿನಲ್ಲೂ ಇದ್ದಾರೆ. ಮೊಬೈಲಿನಲ್ಲಿ ಅರ್ಧ ಗಂಟೆ ರೆಕಾರ್ಡ್ ಮಾಡಿದರೂ ಅದು ದಾಖಲೆ. ಅಜ್ಜ ಹೋದ ಮೇಲೆ ಕೇಳಿದರೆ ಯಾರು ಹೇಳುತ್ತಾರೆ?

ಮೂರನೆಯದು, ಕಾಗದ. ಹಳೇ ರೈಲ್ವೆ ರಸೀದಿ, ಟಿಕೆಟ್, ಸರಕಿನ ಬಿಲ್ಲು, ಜಮಾಖರ್ಚಿನ ಪುಸ್ತಕಗಳನ್ನು ಮನೆ ಖಾಲಿ ಮಾಡುವಾಗ ಗುಜರಿಗೆ ಹಾಕುವ ಮೊದಲು ಒಮ್ಮೆ ತಿರುವಿ ನೋಡಬೇಕು. ಕೊಲ್ಹಾಪುರ ಸಂಸ್ಥಾನದ ಹಳೇ ಕಡತಗಳು ಅಲ್ಲಿನ ಸರಕಾರಿ ಪುರಾಭಿಲೇಖಾಗಾರದಲ್ಲಿವೆ. ಕಾಮರ್ಸ್, ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಯಾವುದು?

ನಾಲ್ಕನೆಯದು, ಮನವಿ. ವ್ಯಾಪಾರಿ ಸಂಘ, ಪ್ರಯಾಣಿಕರ ಸಂಘ, ಕಾಲೇಜು ಸೇರಿ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಅರ್ಜಿ ಕೊಡಬಹುದು. ಬೇಡಿಕೆ ಸಣ್ಣದಿರಲಿ, ಸ್ಪಷ್ಟ ಇರಲಿ: ಹಳೇ ಭಾಗ ಕೆಡವಬೇಡಿ, ಒಂದು ಗೋಡೆಯ ಮೇಲೆ ಸ್ಟೇಷನ್ನಿನ ಚರಿತ್ರೆ ಬರೆಯಿಸಿ, ಹಳೇ ಗಂಟೆಯೋ ಗಡಿಯಾರವೋ ಇದ್ದರೆ ಗುಜರಿಗೆ ಕಳಿಸದೆ ಅಲ್ಲೇ ಇಡಿ. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ಬಂತು. ಸ್ಟೇಷನ್ನಿನಲ್ಲಿ ಇಡಲು ಜಾಗವೇ ಇಲ್ಲ ಅಂದರೆ ಅಲ್ಲಿಗೆ ಕೊಡಬಹುದು.

ಎರಡು ತುದಿ, ಒಂದೇ ಲೆಕ್ಕ

ಕೊಲ್ಹಾಪುರಕ್ಕೆ ರೈಲು ಬಂದದ್ದು 1891ರಲ್ಲಿ, ಮಂಗಳೂರಿಗೆ 1907ರಲ್ಲಿ. ಒಂದು ಘಟ್ಟದ ಮೇಲಿನ ಕೊನೆಯ ಸ್ಟೇಷನ್, ಇನ್ನೊಂದು ಕಡಲಿನ ಬದಿಯ ಕೊನೆಯ ಸ್ಟೇಷನ್. ಕೊಲ್ಹಾಪುರವನ್ನು ಕೊಂಕಣ ರೈಲ್ವೆಯ ವೈಭವವಾಡಿಗೆ ಜೋಡಿಸುವ ಸುಮಾರು 108 ಕಿಲೋಮೀಟರ್ ದಾರಿಗೆ 2016–17ರ ರೈಲ್ವೆ ಬಜೆಟಿನಲ್ಲಿ ಮಂಜೂರಾತಿ ಸಿಕ್ಕಿತು. ಅದು ಪೂರ್ತಿಯಾದ ದಿನ 1891ರಲ್ಲಿ ಮುಖ ತಿರುಗಿಸಿದ ವ್ಯಾಪಾರ ಮತ್ತೆ ಒಮ್ಮೆ ಕರಾವಳಿಯ ಕಡೆ ನೋಡುತ್ತದೆ. ಕೊಲ್ಹಾಪುರದ ಬೆಲ್ಲ, ಇಚಲಕರಂಜಿಯ ಬಟ್ಟೆ ಘಾಟಿ ಇಳಿದು ಬರುತ್ತದೆ, ಕರಾವಳಿಯ ಸರಕು ಮೇಲೆ ಹೋಗುತ್ತದೆ.

ಆ ಹೊಸ ದಾರಿಯಲ್ಲೂ ಯಾವುದೋ ಬಯಲಿನಲ್ಲಿ ಒಂದು ಸ್ಟೇಷನ್ ಬರಬಹುದು. ಅದರ ಎದುರು ಮೊದಲು ಒಂದು ಚಾ ಅಂಗಡಿ, ಆಮೇಲೆ ಒಂದು ಕಿರಾಣಿ, ಆಮೇಲೆ ಒಂದು ಪೇಟೆ ಹುಟ್ಟಬಹುದು. ಆಗ ‘ಈ ಊರು ಹೇಗೆ ಶುರುವಾಯಿತು’ ಅಂತ ಯಾರಾದರೂ ಮಗು ಕೇಳಿದರೆ, ಉತ್ತರ ಹೇಳಲು ಶಿರೋಳ ರೋಡಿನ ಕಥೆ ಗೊತ್ತಿರುವ ಒಬ್ಬರಾದರೂ ಇರಬೇಕು.